ಒಂದು ತೋಳಿನ ಕೋಟು

ಮೇಲಿನ ಮನೆಯಿಂದ ನೀರು ಸೋರಿ ಅಂಗಡಿಯ ಬಟ್ಟೆಯೆಲ್ಲ ಹಾಳಾದಾಗ ದರ್ಜಿಯಮ್ಮ ಮೂವರ ಮೇಲೆ ಒಟ್ಟಿಗೆ ದಾವೆ ಹೂಡಿದ್ದಳು: ಕಟ್ಟಡದ ಮಾಲೀಕ, ಪೈಪು ಕೂರಿಸಿದವನು, ಮೇಲೆ ವಾಸವಿದ್ದ ಸ್ವಂತ ಅಕ್ಕ. ಮೊನ್ನೆ ನ್ಯಾಯಾಧೀಶರು ಅಕ್ಕನದು ತಪ್ಪಿಲ್ಲವೆಂದು ಅವಳೊಬ್ಬಳನ್ನು ದಾವೆಯಿಂದ ಕೈಬಿಟ್ಟರು. ಉಳಿದಿಬ್ಬರ ವಿಚಾರಣೆ ನಡೆದೇ ಇತ್ತು.

"ನಾಳೇನೇ ಅಪೀಲು ಹಾಕಿ ಮೇಡಂ," ಎಂದಳು ದರ್ಜಿಯಮ್ಮ, ಹಿರಿಯ ವಕೀಲಮ್ಮನ ಹೊಸ ಕರಿಕೋಟಿನ ಭುಜ ಸರಿಪಡಿಸುತ್ತ. ಒಂದು ತೋಳು ಕೂಡಿತ್ತು. ಇನ್ನೊಂದು ಮೇಜಿನ ಮೇಲೆ ಬಿದ್ದಿತ್ತು.

"ಸರಿ, ಈ ಕೋಟು ಇವತ್ತೇ ಕೊಡು. ಹೀಗೇ ಹಾಕ್ಕೊಂಡು ಹೋಗ್ತೀನಿ."

"ಒಂದೇ ತೋಳಿನಲ್ಲಾ? ನನ್ನ ಅಂಗಡಿ ಮಾನ ಏನಾಗ್ಬೇಕು?"

"ಕೋರ್ಟಿಗೂ ಮಾನ ಇದೆ ಕಣೆ. ಮೂವರದ್ದೂ ಮುಗಿದ ಮೇಲೇ ಅಪೀಲು."

"ಬೇರೆ ದಾರೀನೇ ಇಲ್ವಾ?"

"ಈ ಭಾಗ ಇಲ್ಲಿಗೆ ಮುಗೀತು, ಕಾಯೋ ಕಾರಣ ಇಲ್ಲ ಅಂತ ಜಡ್ಜೇ ಬರೆದುಕೊಟ್ರೆ ಆಗುತ್ತೆ. ಕೋಟಿನ ಜೊತೆ ಪ್ಯಾಂಟೂ ಇದ್ರೆ ಅದನ್ನ ಮೊದಲೇ ಕೊಡ್ತೀಯಲ್ಲ, ಹಾಗೆ. ಆದ್ರೆ ಇಲ್ಲಿ ಮೂವರಿಗೂ ಒಂದೇ ಪೈಪು, ಒಂದೇ ನೀರು. ಬಿಡಿಸಿ ಕೊಡೋಕೆ ಜಡ್ಜು ಒಪ್ಪಲ್ಲ. ಅಲ್ವೇ, ನಷ್ಟ ತುಂಬೋಕೆ ಮಾಲೀಕನೇ ಸಾಕು. ಅಕ್ಕನ ಮೇಲೆ ಯಾಕಿಷ್ಟು ಅವಸರ?"

ದರ್ಜಿಯಮ್ಮ ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಅತ್ತ, ಸೂಜಿ ಇತ್ತ. ಅವಳ ಕಣ್ಣು ಮಂಜಾದಾಗಿನಿಂದ ದಿನಾ ಬೆಳಿಗ್ಗೆ ಅಕ್ಕ ಇಳಿದುಬಂದು, ಊರ ಸುದ್ದಿಯೆಲ್ಲ ಆಡುತ್ತ ಒಂದು ಹಿಡಿ ಸೂಜಿಗೆ ದಾರ ಹಾಕಿಟ್ಟು ಹೋಗುತ್ತಿದ್ದಳು. ದಾವೆಯ ನೋಟೀಸು ಮುಟ್ಟಿದ ದಿನ ಅದು ನಿಂತಿತು. ಆದರೂ ಪ್ರತಿ ವಿಚಾರಣೆಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಮುಖ ತಿರುಗಿಸಿ ಕೂರುತ್ತಿದ್ದರು. "ಕಿಟಕಿ ಗಾಳಿ ನಿಂಗಾಗಲ್ಲ, ಈಚೆ ಸರಿ," ಎಂದು ಅಕ್ಕ ಗೋಡೆಗೆ ಹೇಳುತ್ತಿದ್ದಳು. ಇನ್ನು ಅವಳು ಕೋರ್ಟಿಗೆ ಬರಬೇಕಾಗಿಯೇ ಇಲ್ಲ.

ವಕೀಲಮ್ಮ ಸೂಜಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದಳು. "ಓಹೋ. ಅಕ್ಕನ ಪಕ್ಕ ಕೂರೋಕೆ ಅಪೀಲು ಬೇಕಾಯ್ತೇನೆ ನಿಂಗೆ? ಹೊರಗಿನ ಮೆಟ್ಟಿಲು ಹತ್ತೋಕೆ ಯಾವ ಜಡ್ಜೂ ಬರೆದುಕೊಡಬೇಕಾಗಿಲ್ಲ."

ವಕೀಲಮ್ಮ ಹೋದ ಮೇಲೆ ದರ್ಜಿಯಮ್ಮ ಸುಮಾರು ಹೊತ್ತು ಆ ಬಿಡಿ ತೋಳನ್ನು ಮಡಚಿದಳು, ಬಿಚ್ಚಿದಳು. ಆಮೇಲೆ ಸೂಜಿಡಬ್ಬಿ ಹಿಡಿದು ಮೆಟ್ಟಿಲೇರಿದಳು.

ಅಕ್ಕ ಬಾಗಿಲು ಅರ್ಧ ತೆಗೆದಳು. "ಅಪೀಲು ಹಾಕ್ತೀಯಂತೆ?"

"ಈಗಾಗಲ್ವಂತೆ. ಎಲ್ಲರದ್ದೂ ಮುಗೀಬೇಕಂತೆ."

"ಮುಗಿದ ಮೇಲೆ?"

"ನೋಡೋಣ."

"ಜಂಬಕ್ಕೇನೂ ಕಮ್ಮಿಯಿಲ್ಲ," ಎಂದು ಅಕ್ಕ ಡಬ್ಬಿ ಕಸಿದುಕೊಂಡು, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿದಳು. "ಕೂತ್ಕೋ. ಆ ಕಡೆ ಬೇಡ, ಗಾಳಿ ಬರುತ್ತೆ."