ನಲವತ್ತೊಂದನೇ ಪುಟ

ಎರಡು ದಿನ ಜ್ವರದಲ್ಲಿ ಮಲಗಿ ಮೂರನೆಯ ದಿನ ಅಂಗಡಿಗೆ ಬಂದವಳು ಮೊದಲು ನೋಡಿದ್ದು ಮಾದರಿ ಪುಸ್ತಕಗಳ ಕಪಾಟನ್ನು. ಕೆಳಗಿನ ಸಾಲಿನಲ್ಲಿ, ಎಡದಿಂದ ಏಳನೆಯ ಜಾಗ, ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಇತ್ತು.

ನಾನು ಪುಸ್ತಕ ಹೊಲಿಯುವವಳು. ಹರಿದ ಪುಸ್ತಕ ಬಿಚ್ಚಿ, ಹಾಳೆ ಜೋಡಿಸಿ, ದಾರದಲ್ಲಿ ಹೊಲಿದು, ಹೊಸ ರಟ್ಟು ಕಟ್ಟಿಕೊಡುವ ಈ ಬೈಂಡಿಂಗ್ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಯಜಮಾನರನ್ನು ಎಲ್ಲರೂ ಗೋಂದಣ್ಣ ಎನ್ನುತ್ತಾರೆ. ಅವರ ಬೆರಳಿಗೆ ಗೋಂದು ಮೆತ್ತಿಕೊಂಡಿರದ ದಿನವನ್ನು ನಾನು ಕಂಡಿಲ್ಲ.

"ಗೋಂದಣ್ಣ, ಇಲ್ಲಿದ್ದ ಒಳಚರಂಡಿ ಪುಸ್ತಕ ಎಲ್ಲಿ?"

"ಲೈಬ್ರರಿಗೆ ಹೋಯ್ತಲ್ಲಮ್ಮ, ನಿನ್ನೆ ಸಾಯಂಕಾಲ. ಅರವತ್ತು ಪುಸ್ತಕ ಕೊಡ್ಬೇಕಿತ್ತು, ಎಣಿಸಿದ್ರೆ ಐವತ್ತೊಂಬತ್ತೇ. ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ ನೋಡಿದ್ರೆ ಇಲ್ಲಿ ಕೂತಿದೆ. ಅದೇ ಬಟ್ಟೆ, ಅದೇ ಅಕ್ಷರ. ನೀನೇ ಮರೆತು ಇಲ್ಲಿ ಸೇರಿಸಿಬಿಟ್ಟಿದ್ದೆ." ಅವರ ಮುಖದಲ್ಲಿ ಏನು ಹೆಮ್ಮೆ! ನಾನು ಶಹಬ್ಬಾಸ್ ಎನ್ನಲಿ ಎಂದು ಕಾಯುತ್ತಿದ್ದರು.

ನಿಜವಾದ ಅರವತ್ತನೆಯ ಪುಸ್ತಕ ಭಾರ ಹೇರಿದ ಹಲಗೆಗಳ ನಡುವೆ ಒಣಗುತ್ತಿತ್ತು. ಜ್ವರ ಏರುವ ಮೊದಲು ನಾನೇ ಇಟ್ಟಿದ್ದೆ, ಹೇಳುವುದನ್ನು ಮರೆತಿದ್ದೆ. ಇನ್ನು 'ಒಳಚರಂಡಿ ಕೊಳವೆಗಳ ಅಳತೆ ಪಟ್ಟಿ, ಭಾಗ ನಾಲ್ಕು' ಎಂದು ಬೆನ್ನಿನ ಮೇಲೆ ಚಿನ್ನದ ಅಕ್ಷರ ಒತ್ತಿಸಿಕೊಂಡಿದ್ದ ಆ ಪುಸ್ತಕದಲ್ಲಿ ಕೊಳವೆಯೂ ಇರಲಿಲ್ಲ, ಅಳತೆಯೂ ಇರಲಿಲ್ಲ. ಅದು ನನ್ನ ಡೈರಿ.

ನಗಬೇಡಿ. ಆ ವೇಷ ಹಾಕಿಸಲು ನನಗೆ ಕಾರಣವಿತ್ತು. ನನಗೆ ಒಂಬತ್ತು ವರ್ಷವಿದ್ದಾಗ ಅಮ್ಮ ಹೋದಳು. ಆಗ ಇಪ್ಪತ್ತರ ಅಕ್ಕ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡವಳ ಹಾಗೆ ಸಾಕಿದಳು. ಅವಳ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಅವಳ ಸಾಕಾಣಿಕೆಯಲ್ಲಿ ಬಾಗಿಲು ಎಂಬುದೇ ಇರಲಿಲ್ಲ. ನನ್ನ ಚೀಲ ಅವಳ ಚೀಲ, ನನ್ನ ಕಾಗದ ಅವಳು ಒಡೆದ ಕಾಗದ. ಸ್ನಾನದ ಮನೆಯಲ್ಲಿ ಐದು ನಿಮಿಷ ಹೆಚ್ಚಾದರೆ ಹೊರಗಿನಿಂದ "ಏನ್ ಯೋಚನೆ ಮಾಡ್ತಿದೀಯೇ ಒಳಗೆ?" ಎಂದು ಕೇಳುವವಳು. ಯಾಕೆ ಹೀಗೆ ಎಂದು ನಾನು ಸಿಡುಕಿದರೆ, "ನಮ್ಮಿಬ್ರಲ್ಲಿ ಎಂಥ ಗುಟ್ಟು?" ಎನ್ನುತ್ತಿದ್ದಳು.

ನನಗೆ ಹದಿನೈದಾದಾಗ ಒಂದು ನೋಟ್‌ಬುಕ್ಕಿನಲ್ಲಿ ಏನೇನೋ ಬರೆದಿಟ್ಟಿದ್ದೆ. ಅಕ್ಕನಿಗೆ ಸಿಕ್ಕಿತು. ಮಾವ, ಚಿಕ್ಕಮ್ಮ, ಅವರ ಮಕ್ಕಳು ಎಲ್ಲರೂ ಊಟಕ್ಕೆ ಕೂತಿದ್ದಾಗ ಅದನ್ನು ಗಟ್ಟಿಯಾಗಿ ಓದಿದಳು. ಕೆಟ್ಟ ಮನಸ್ಸಿನಿಂದಲ್ಲ. 'ನೋಡಿ, ನಮ್ಮ ಮರಿ ಎಷ್ಟು ಚೆನ್ನಾಗಿ ಬರೆದಿದೆ' ಎಂದೇ ಶುರುಮಾಡಿದ್ದು. ಎರಡನೆಯ ಪುಟದ ಹೊತ್ತಿಗೆ ಮಾವನಿಗೆ ನಕ್ಕು ನಕ್ಕು ಅನ್ನ ನೆತ್ತಿಗೇರಿತು. ನಾನು ತಟ್ಟೆಯನ್ನೇ ನೋಡುತ್ತ ಕೂತಿದ್ದೆ. ಕೈ ತೊಳೆಯುವಾಗ ಒಂದು ನಿರ್ಧಾರ ಮಾಡಿದೆ: ಬರೆಯುವುದನ್ನು ಬಿಡುವುದಿಲ್ಲ, ಆದರೆ ಬರೆದದ್ದು ಇನ್ನು ಯಾರ ಕೈಗೂ ಸಿಗಬಾರದು.

ಆ ಮಾತನ್ನು ಇಪ್ಪತ್ತೈದು ವರ್ಷ ಉಳಿಸಿಕೊಂಡಿದ್ದೆ. ಮೊದಮೊದಲು ಅಕ್ಕಿ ಡಬ್ಬಿ, ಹಾಸಿಗೆಯ ಅಡಿ ಎಂದು ಒದ್ದಾಡಿದೆ. ಬೈಂಡಿಂಗ್ ಕಲಿತ ಮೇಲೆ ದಾರಿ ಸುಲಭವಾಯಿತು. ಮನುಷ್ಯಮಾತ್ರದವರು ಕೈಚಾಚಿ ತೆಗೆಯದಂಥ ಹೆಸರೊಂದನ್ನು ಯೋಚಿಸಿ, ಲೈಬ್ರರಿ ಪುಸ್ತಕಗಳಿಗೆ ಹಾಕುವ ಮರೂನ್ ಬಟ್ಟೆಯ ಚೂರಿನಲ್ಲೇ ಪ್ರತಿ ವರ್ಷ ಒಂದು ಡೈರಿ ಕಟ್ಟುತ್ತಿದ್ದೆ. ಸಂಖ್ಯೆ ಒತ್ತುವ ಯಂತ್ರದಲ್ಲಿ ಪುಟಸಂಖ್ಯೆ ಕೂಡ ಹಾಕುತ್ತಿದ್ದೆ. ಅಂಗಡಿಯ ಕಪಾಟಿನಲ್ಲೇ ಇಟ್ಟು, ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ, ಗೋಂದಣ್ಣ ತೂಕಡಿಸುವಾಗ ಅರ್ಧ ಗಂಟೆ ಬರೆಯುತ್ತಿದ್ದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಲವತ್ತು ವರ್ಷ ಅನುಭವದ ಗೋಂದಣ್ಣನೇ ಮೋಸಹೋದರು. ನನ್ನ ಕೈಚಳಕವೇ ನನಗೆ ಗುಂಡಿ ತೋಡಿತ್ತು.

ಇನ್ನೊಂದು ವಿಷಯ ಹೇಳಿಲ್ಲ. ಆ ಲೈಬ್ರರಿಯಲ್ಲಿ ಬೈಂಡಿಂಗಿನಿಂದ ಬಂದ ಪುಸ್ತಕಗಳನ್ನು ಪರೀಕ್ಷಿಸಿ ಒಳಗೆ ಸೇರಿಸುವ ಗುಮಾಸ್ತೆ ನನ್ನ ಅಕ್ಕ.

ಒಣಗುತ್ತಿದ್ದ ಪುಸ್ತಕವನ್ನು ಹಲಗೆಯಿಂದ ಎಳೆದು ಚೀಲಕ್ಕೆ ಹಾಕಿಕೊಂಡು ಹೊರಟೆ. "ಇನ್ನೂ ಹಸಿ ಇದೆ ಕಣಮ್ಮ, ಸೊಟ್ಟಗಾಗತ್ತೆ!" ಎಂದು ಗೋಂದಣ್ಣ ಕೂಗಿದರು. ಸೊಟ್ಟಗಾಗಲಿ.

ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಸಂಖ್ಯೆ: ನಲವತ್ತೊಂದು. ಪ್ರತಿ ಲೈಬ್ರರಿಗೂ ಒಂದು ಗುಟ್ಟಿನ ಪುಟ ಇರುತ್ತದೆ. ಕಳ್ಳ ಮೊದಲ ಪುಟ ಕಿತ್ತುಹಾಕಿದರೂ ಪುಸ್ತಕ ಯಾರದೆಂದು ತಿಳಿಯಲಿ ಎಂದು ಒಳಗೆಲ್ಲೋ ಒಂದು ನಿಗದಿಯಾದ ಪುಟದಲ್ಲಿ ಮುದ್ರೆ ಒತ್ತಿರುತ್ತಾರೆ. ಇವರದ್ದು ನಲವತ್ತೊಂದು. ಬೈಂಡಿಂಗಿನಿಂದ ಬಂದ ಪ್ರತಿ ಪುಸ್ತಕದಲ್ಲೂ ಅಕ್ಕ ಆ ಪುಟ ತೆರೆದು ನೋಡುತ್ತಾಳೆ. ಮುದ್ರೆ ಇದ್ದರೆ ಸರಿ, ಇಲ್ಲದಿದ್ದರೆ ಹೊಸದಾಗಿ ಒತ್ತುತ್ತಾಳೆ.

ನನ್ನ ನಲವತ್ತೊಂದರಲ್ಲಿ ಏನಿತ್ತು? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಆದರೆ ಆ ಆಸುಪಾಸಿನಲ್ಲಿ ಏನಿತ್ತೆಂದು ಚೆನ್ನಾಗಿ ಗೊತ್ತಿತ್ತು. ಅಂಗಡಿಯ ಮೇಲಿನ ಕಾಗದದ ಕೋಣೆಯನ್ನು ಗೋಂದಣ್ಣ ಖಾಲಿ ಮಾಡಿಸುತ್ತಿದ್ದರು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅಲ್ಲಿ ಇರುತ್ತೇನೆ ಎಂದು ಮೂರು ವಾರದ ಹಿಂದೆ ಮಾತು ಕೊಟ್ಟಿದ್ದೆ. ಅಕ್ಕನನ್ನು ಬಿಟ್ಟು, ಒಬ್ಬಳೇ. ಈ ವಿಷಯ ಅಕ್ಕನಿಗೆ ಗೊತ್ತಿರಲಿಲ್ಲ. ದಿನಾ ಹೇಳಬೇಕು ಅಂದುಕೊಳ್ಳುತ್ತಿದ್ದೆ, ದಿನಾ ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಈ ಎರಡು ದಿನವಂತೂ ಬೆಳಿಗ್ಗೆ ಸಂಜೆ ನನ್ನ ಹಣೆಗೆ ಒದ್ದೆಬಟ್ಟೆ ಹಾಕಿದ್ದಾಳೆ. ಅವಳಿಗೆ ಈ ಸುದ್ದಿ ನನ್ನ ಬಾಯಿಂದ ತಿಳಿಯಬೇಕು. ಕದ್ದು ಓದಿ ತಿಳಿಯಬಾರದು. ನನಗೆ ಬೇಕಾಗಿದ್ದುದು ಅಷ್ಟೇ, ಅದನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ.

ಲೈಬ್ರರಿಯ ಹಿಂಬದಿಯ ಮೇಜಿನಲ್ಲಿ ಅಕ್ಕ ಕೂತಿದ್ದಳು. ಎಡಗಡೆ ನೋಡಿ ಮುಗಿಸಿದ ಪುಸ್ತಕಗಳು, ಬಲಗಡೆ ಇನ್ನೂ ನೋಡಬೇಕಾದವು, ನಡುವೆ ನೇರಳೆ ಶಾಯಿಯ ಡಬ್ಬಿ. ನನ್ನ ಕಣ್ಣು ಬಲಗಡೆಯ ರಾಶಿಯ ಮೇಲೆ ಓಡಿತು. ತೀರಾ ಕೆಳಗೆ, ಕೊನೆಯದಾಗಿ, ಭಾಗ ನಾಲ್ಕು. ಇನ್ನೂ ಮುಟ್ಟಿಲ್ಲ! ಹೋದ ಜೀವ ಬಂದಂತಾಯಿತು.

"ಜ್ವರ ಬಿಟ್ಟ ತಕ್ಷಣ ಓಡಾಟ ಶುರುನಾ?" ಅಕ್ಕ ತಲೆ ಎತ್ತಲಿಲ್ಲ. "ಮಾತ್ರೆ ತಗೊಂಡ್ಯಾ?"

"ತಗೊಂಡೆ. ಅಕ್ಕ, ಒಂದು ಪುಸ್ತಕ ವಾಪಸ್ ಬೇಕಿತ್ತು. ಗೋಂದು ಸರಿಯಾಗಿ ಹಿಡಿದಿಲ್ಲ."

"ಐವತ್ತೊಂಬತ್ತಕ್ಕೆ ಹಿಡಿದಿರೋ ಗೋಂದು ಒಂದಕ್ಕೆ ಮಾತ್ರ ಹಿಡಿದಿಲ್ವಾ?"

"ಅದೊಂದಕ್ಕೆ ಬೇರೆ ಡಬ್ಬಿದು."

"ಎಣಿಸಿ ತಗೊಂಡಿದೀನಿ, ಸಹಿ ಹಾಕಿದೀನಿ. ಚೀಟಿ ಇಲ್ದೆ ಒಂದು ಪುಸ್ತಕಾನೂ ಹೊರಗೆ ಬಿಡಲ್ಲ. ನೀನಾದ್ರೇನು, ನಿಮ್ಮ ಗೋಂದಣ್ಣ ಆದ್ರೇನು." ಅವಳು ಇನ್ನೊಂದು ಪುಸ್ತಕ ಎತ್ತಿಕೊಂಡಳು. ನೋಡದೆಯೇ ಹೆಬ್ಬೆರಳು ನಲವತ್ತೊಂದಕ್ಕೆ ಹೋಯಿತು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ದಾರದಲ್ಲಿ ಹುಳು ಸಿಕ್ಕಿದೆ ಎಂದೋ ಏನೋ. ಇದ್ದಕ್ಕಿದ್ದ ಹಾಗೆ ನನ್ನ ಮೇಲೇ ನನಗೆ ರೇಗಿತು. ನಲವತ್ತು ವರ್ಷದ ಹೆಂಗಸು ನಾನು. ನನ್ನ ವಸ್ತು ಕೇಳಲು ಗೋಂದಿನ ಮೇಲೆ ಗೂಬೆ ಕೂರಿಸುತ್ತಿದ್ದೇನೆ! ಬಾಗಿ, ರಾಶಿಯ ಅಡಿಯಿಂದ ಭಾಗ ನಾಲ್ಕನ್ನು ಎಳೆದು ಎದೆಗೆ ಒತ್ತಿಹಿಡಿದೆ.

"ಅಕ್ಕ, ಇದು ಲೈಬ್ರರಿದಲ್ಲ. ನಂದು. ನನ್ನ ಡೈರಿ. ಗೋಂದಣ್ಣ ತಪ್ಪಿ ಕಳಿಸಿದಾರೆ, ನಿಮ್ಮ ಪುಸ್ತಕ ಇಲ್ಲಿದೆ, ತಗೋ. ಇದನ್ನ ನೀನು ಓದ್ಬಾರ್ದು."

ಅಕ್ಕ ಈಗ ತಲೆ ಎತ್ತಿದಳು.

"ಏನಿದೆ ಅದರಲ್ಲಿ?"

"ಹೇಳಲ್ಲ."

ಇಷ್ಟು ವರ್ಷದಲ್ಲಿ ಅವಳಿಗೆ ಆ ಮಾತನ್ನು ನಾನು ಅಂದದ್ದು ಅದೇ ಮೊದಲು. ಅಕ್ಕ ಒಂದು ಚೀಟಿ ತೆಗೆದು 'ತಪ್ಪಾಗಿ ಬಂದದ್ದು, ವಾರಸುದಾರರಿಗೆ ಹಿಂತಿರುಗಿಸಿದೆ' ಎಂದು ಬರೆದು ಸಹಿ ಹಾಕಿ ನನ್ನ ಕಡೆ ತಳ್ಳಿದಳು. ಮತ್ತೊಂದು ಪ್ರಶ್ನೆ ಕೇಳಲಿಲ್ಲ. ನನಗೆ ಅದೇ ವಿಚಿತ್ರವೆನಿಸಿತು.

ಹೊರಗೆ ಮೆಟ್ಟಿಲ ಮೇಲೆ ಕೂತು ಪುಸ್ತಕ ತೆರೆದೆ. ಅದು ತಾನಾಗಿಯೇ ನಲವತ್ತೊಂದಕ್ಕೆ ಬಿಚ್ಚಿಕೊಂಡಿತು. ಹೊಸ ಪುಸ್ತಕ ಹಿಂದೆ ಎಲ್ಲಿ ಅಗಲಿಸಿ ಒತ್ತಿದ್ದರೋ ಅಲ್ಲಿಗೇ ಬಿಚ್ಚಿಕೊಳ್ಳುತ್ತದೆ, ಬೈಂಡರಿಗೆ ಇದು ಗೊತ್ತು. ಪುಟದ ನಡುವೆ ಮೊಟ್ಟೆಯಾಕಾರದ ನೇರಳೆ ಮುದ್ರೆ. ಶಾಯಿ ಪೂರ್ತಿ ಒಣಗಿತ್ತು.

ಮುದ್ರೆಯ ಅಡಿಯಲ್ಲಿ ನನ್ನ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು: 'ಮೇಲಿನ ಕೋಣೆಗೆ ಹೂಂ ಅಂದೆ. ಒಳಗಿನಿಂದ ಚಿಲಕ ಹಾಕಿಕೊಂಡು ಒಂದು ಇಡೀ ಭಾನುವಾರ ಯಾರಿಗೂ ಉತ್ತರ ಕೊಡದೆ ಕೂರಬೇಕು. ಅಕ್ಕನ ಪ್ರೀತಿಯಲ್ಲಿ ನನಗೆ ಉಸಿರು ಕಟ್ಟುತ್ತದೆ. ಒಂದನೇ ತಾರೀಖಿನ ಒಳಗೆ ಅವಳಿಗೆ ನಾನೇ ಹೇಳಬೇಕು. ಹೇಗೆ ಹೇಳಲಿ?'

ನಾಚಿಕೆ, ಸಿಟ್ಟು, ಹದಿನೈದರ ಆ ತಟ್ಟೆ, ಎಲ್ಲ ಒಟ್ಟಿಗೆ ಮೇಲೆ ಬಂತು. ಮನೆಗೆ ಹೋಗಿ ಮುಸುಕು ಹಾಕಿ ಮಲಗಿಬಿಡೋಣ ಅನ್ನಿಸಿತು. ಆದರೆ ಮಲಗಿದರೆ ಅವಳೇ ಬಂದು ಮುಸುಕು ಎತ್ತುತ್ತಾಳೆ. ಎದ್ದು, ಸೀರೆ ಕೊಡವಿಕೊಂಡು, ಮತ್ತೆ ಒಳಗೆ ಹೋದೆ.

"ಓದಿದೀಯ."

"ಆ ಪುಟ ಓದಿದೆ." ಅಕ್ಕನ ದನಿ ಸಣ್ಣದಾಗಿತ್ತು. "ಬೆಳಿಗ್ಗೆ ಕೈಗೆ ಬಂತು. ಮುದ್ರೆ ಇರ್ಲಿಲ್ಲ, ಒತ್ತಿದೆ. ಒತ್ತಿದ ಮೇಲೆ ಅಕ್ಷರ ನೋಡಿದೆ. ನಿನಗೆ ಅಕ್ಷರ ತಿದ್ದಿಸಿದ್ದು ನಾನೇ ಅಲ್ವೇನೇ, ಗೊತ್ತಾಗಲ್ವಾ?"

"ಬೇರೆ ಪುಟ?"

"ತಿರುಗಿಸಬೇಕು ಅಂತ ಕೈ ತುರಿಸ್ತಿತ್ತು. ತಿರುಗಿಸಲಿಲ್ಲ. ನಂಬೋದು ಬಿಡೋದು ನಿನಗೆ ಬಿಟ್ಟಿದ್ದು."

"ಮತ್ತೆ ನೋಡದೇ ಇರೋ ರಾಶಿಗೆ ಯಾಕೆ ಸೇರಿಸಿದೆ?"

"ನೀನು ಓಡ್ಕೊಂಡು ಬರ್ತೀಯ ಅಂತ ಗೊತ್ತಿತ್ತು. ನಾನು ಓದೇ ಇಲ್ಲ ಅಂದ್ಕೊಂಡು ತಗೊಂಡು ಹೋಗ್ಲಿ ಅಂತ ಕೊನೇಲಿಟ್ಟೆ. ಚೀಟಿ ಅಂತ ಬಿಗಿ ಮಾಡಿದ್ದೂ ನಿನಗೆ ಅನುಮಾನ ಬರಬಾರ್ದು ಅಂತ. ಮುದ್ರೆ ಒತ್ತಿದ್ದು ಮಾತ್ರ ಅಳಿಸೋಕಾಗಲ್ವಲ್ಲ."

ನಾನು ಅವಳ ಎದುರಿನ ಕುರ್ಚಿ ಎಳೆದುಕೊಂಡು ಕೂತೆ. "ಸರಿ. ಓದಿದ್ದನ್ನ ಮರೆತುಬಿಡು. ಈಗ ನಾನೇ ಹೇಳ್ತೀನಿ. ಹೊಸದಾಗಿ ಕೇಳ್ಕೋ."

ಅಕ್ಕ ಶಾಯಿ ಡಬ್ಬಿಯ ಮುಚ್ಚಳ ಹಾಕಿದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ನಾನು ಮೊದಲಿನಿಂದ ಹೇಳಿದೆ. ಕೋಣೆಯ ವಿಷಯ, ತಾರೀಖು, ಉಸಿರು ಕಟ್ಟುವುದು, ಯಾವುದನ್ನೂ ಸಕ್ಕರೆ ಹಾಕಿ ಹೇಳಲಿಲ್ಲ. ಆ ಊಟದ ದಿನವನ್ನೂ ಹೇಳಿದೆ. ಪಕ್ಕದ ಮೇಜಿನಲ್ಲಿ ಪತ್ರಿಕೆ ಹಿಡಿದಿದ್ದ ಮುದುಕರೊಬ್ಬರು ಪುಟ ತಿರುಗಿಸುವುದನ್ನೇ ನಿಲ್ಲಿಸಿದ್ದರು. "ನೀವು ನಿಮ್ಮ ಪೇಪರ್ ಓದಿ ಸ್ವಾಮಿ" ಎಂದೆ. ಅವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು.

"ಅವತ್ತು ನಾನೂ ನಕ್ಕಿದ್ದೆ," ಎಂದಳು ಅಕ್ಕ.

"ಹೌದು. ನಕ್ಕಿದ್ದೆ."

ಅವಳು ಕ್ಷಮೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದು ರೂಢಿಯಲ್ಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಇಲ್ಲೇ ಇರ್ಬಾರ್ದೇನೇ?" ಎಂದು ಒಂದೇ ಸಲ ಕೇಳಿದಳು. ಇಲ್ಲ ಎಂದೆ.

ಅದೇ ಮಧ್ಯಾಹ್ನ ಅಂಗಡಿಯಲ್ಲಿ ಡಬ್ಬಿ ಮುಚ್ಚಿ ಡೈರಿಯಲ್ಲಿ ಹೊಸ ಪುಟ ಬರೆದೆ. ನಲವತ್ತೊಂದನ್ನು ಕಿತ್ತುಹಾಕಲಿಲ್ಲ. "ಏನಮ್ಮ ಅದು, ಒಳಚರಂಡಿ ಪುಸ್ತಕದಲ್ಲಿ ಬರೀತಿದೀಯ?" ಎಂದು ಗೋಂದಣ್ಣ ಇಣುಕಿದರು. ನನ್ನ ಡೈರಿ, ಆ ಕಡೆ ಹೋಗಿ ಎಂದೆ. ಅವರು ಹೋದರು. ಇಷ್ಟು ಸುಲಭವಿತ್ತೇ ಇದು!

ಒಂದನೇ ತಾರೀಖು ಅಕ್ಕ ರಜೆ ಹಾಕಿ ನನ್ನ ಹಾಸಿಗೆ ಹೊತ್ತುಕೊಂಡು ಬಂದಳು. ಬೇಡವೆಂದರೂ ಕೇಳಲಿಲ್ಲ. ಮೇಲಿನ ಕೋಣೆಯಲ್ಲಿ ಎಲ್ಲವನ್ನೂ ತಡವಿ ನೋಡಿದಳು. ಕಿಟಕಿ ಭದ್ರವಿಲ್ಲ, ನಲ್ಲಿ ಸೋರುತ್ತದೆ, ಗೋಡೆಗೆ ಸುಣ್ಣ ಹೊಡೆಸಬೇಕಿತ್ತು. ಕೊನೆಗೆ ಬಾಗಿಲ ಒಳಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ಪರೀಕ್ಷಿಸಿದಳು. ಗಟ್ಟಿಯಿದೆ ಎಂದಳು.

ಅಕ್ಕ ಹೊರಟಾಗ ಗೋಂದಣ್ಣ ಬೀಗವನ್ನೂ ಎರಡು ಕೀಲಿಕೈಯನ್ನೂ ತಂದು ನನ್ನ ಅಂಗೈ ಮೇಲೆ ಇಟ್ಟರು. ಅಕ್ಕ ಎರಡು ಮೆಟ್ಟಿಲು ಇಳಿದವಳು ನಿಂತಳು. ಕೀಲಿಕೈ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅದರಲ್ಲಿ ಒಂದು ನನಗೆ ಕೊಡಬೇಡ ಕಣೇ," ಎಂದಳು. "ಕೇಳಿದ್ರೂ ಕೊಡಬೇಡ. ಕೊಟ್ರೆ ನಾನು ಬಂದುಬಿಡ್ತೀನಿ."

ಮುಂದಿನ ವಾರವೇ ಕೇಳಿದಳು. ನಾನು ಕೊಡಲಿಲ್ಲ.