ಈಥರಿನ ಸುಳಿ

ಆಟೊದ ಸೀಟು ಹರಿದ ಕಡೆ ಸ್ಪಂಜು ಇಣುಕುತ್ತಿದೆ, ಮುದಸ್ಸಿರ್ ಅದನ್ನು ಚೂರು ಚೂರೇ ಕಿತ್ತು ಹೊರಗೆ ಎಸೆಯುತ್ತಿದ್ದಾನೆ, ಮರ್ಫಿ ಟೌನ್ ದಾಟಿತೋ ಇಲ್ಲವೋ, ಇಂದಿರಾನಗರದ ಆ ಸಭಾಂಗಣ ಹಿಂದೆ ಉಳಿದರೆ ಸಾಕು, ಸುಟ್ಟು ಬೂದಿಯಾದರೆ ಇನ್ನೂ ಒಳ್ಳೆಯದು — ಬೃಂದಾ ಮೇಡಂ ಅಂತೆ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳಂತೆ, ಅವಳ ಮನೆಯ ನೀರಿನ ಸಂಪಿನೊಳಗೆ ಇಳಿದು ಮೋಟರು ರಿಪೇರಿ ಮಾಡಿದವನು ತಾನು, ತೊಟ್ಟಿಯ ತೂತಿನಲ್ಲಿ ನೀರು ಸುಳಿದು ಇಳಿಯುವುದನ್ನು ತೋರಿಸಿ, ಕಪ್ಪುಕುಳಿ ಅಂದ್ರೆ ಇಷ್ಟೇ ಮೇಡಂ, ಅಲ್ಲಿ ಹರಿಯೋದು ಈಥರ್, ಆಕಾಶದ ತುಂಬಾ ಇರೋ ಕಣ್ಣಿಗ್ ಕಾಣದ ನೀರು ಅನ್ಕೊಳ್ಳಿ, ಬೆಳಕು ಅದ್ರೊಳಗಿನ ಮೀನು, ಹರಿವು ಮೀನಿಗಿಂತ ಜೋರಾದ್ರೆ ಅದು ಮೇಲಕ್ಕೆ ಹೇಗೆ ಬರುತ್ತೆ ಅಂದಾಗ ಕಣ್ಣರಳಿಸಿ, ಎಷ್ಟ್ ಚೆನ್ನಾಗಿ ಹೇಳ್ತೀರ್ರೀ, ಬರ್ದು ಕೊಡಿ, ಓದ್ತೀನಿ ಅಂದವಳು ಅವಳೇ ತಾನೆ — ಹನ್ನೊಂದು ವರ್ಷ ತಲೆಯಲ್ಲಿ ಕಡೆದದ್ದನ್ನು ಇವನು ಹೇಳುತ್ತಾ ಹೋದ, ಕನ್ನಡ ಶಾಲೆಯಲ್ಲಿ ಓದಿದ ಹೆಂಡತಿ ಜಹನಾರಾ ಬರೆಯುತ್ತಾ ಹೋದಳು, ನೂರು ಪುಟ, ಒಂದೂ ಚಿತ್ತಿಲ್ಲ, ಇವತ್ತು ಅವಳ ಭಾಷಣದಲ್ಲಿ ಅದರದೇ ಪುಟ ಪರದೆಯ ಮೇಲೆ, ಗೋಡೆಯಷ್ಟು ದೊಡ್ಡದಾಗಿ, ಮಹಾನುಭಾವರೊಬ್ರ ಪ್ರಕಾರ ವಿಶ್ವ ಅಂದ್ರೆ ಬಚ್ಚಲಮೋರಿ ಅಂದಳು, ಸಭಾಂಗಣವೆಲ್ಲ ನಕ್ಕಿತು, ಕತ್ತೆಗಳು, ಪೋಸ್ಟರ್ ನೋಡಿ ಹೆಂಡತಿಯನ್ನೂ ಕರೆದುಕೊಂಡು ಹೋದ ತಾನು ದೊಡ್ಡ ಕತ್ತೆ, ಎದ್ದು ನಿಂತ, ಅದು ನನ್ ಪುಸ್ತಕ, ವಾಪಸ್ ಕೊಡಿ, ಅಯ್ಯೋ ನೀವು ಬಂದಿದ್ರಾ, ಬೇಜಾರ್ ಮಾಡ್ಕೋಬೇಡಿ, ಈಥರ್ ಇಲ್ಲ ಅಂತ ನೂರು ವರ್ಷದ ಹಿಂದೇನೇ ತೀರ್ಮಾನ ಆಗಿದೆ, ತೀರ್ಮಾನ ಮಾಡಿದ್ಯಾರು, ನಿಮ್ಮಪ್ಪಾನಾ, ಮತ್ತೆ ನಗು, ಮೊದಲಿಗಿಂತ ಜೋರು, ಮೂರನೇ ಸಾಲಿನಲ್ಲೂ — ಅಲ್ಲ, ನೀರಿಲ್ಲದ ತೊಟ್ಟಿಯಲ್ಲಿ ಅಲೆ ಎಬ್ಬಿಸಿ ತೋರಿಸು ನೋಡೋಣ ಅಂತ ಕೇಳಬೇಕಿತ್ತು, ಈಗ ಹಲಸೂರು ಕೆರೆ ಕಂಡ ಮೇಲೆ ಹೊಳೆಯುತ್ತಿದೆ, ಅವಳ ಮೋಟರು ಮತ್ತೆ ಸುಟ್ಟುಹೋಗಲಿ, ಫೋನು ಮಾಡಲಿ, ನಿಮ್ ಸಂಪಲ್ಲಿ ನೀರೇ ಇಲ್ಲ ಅಂತ ತೀರ್ಮಾನ ಆಗಿದೆ ಮೇಡಂ, ಇಟ್ಬಿಡಿ ಅಂತೀನಿ — ಕ್ಯಾ ಹುವಾ ಜೀ, ಪಕ್ಕದಲ್ಲಿ ಜಹನಾರಾ, ಆವಾಗಿಂದ ಸ್ಪಂಜು ಕೀಳ್ತಾನೇ ಇದೀರಾ, ತಲೆನೋವಾ, ಅವಳ ಕೈ ಮೊಣಕಾಲ ಮೇಲೆ ಬಂತು, ಅವನು ಕಾಲು ಎಳೆದುಕೊಂಡ, ಬೃಂದಾ ನಗಲಿ, ಸಭೆ ನಗಲಿ, ಅವರೆಲ್ಲ ತನಗೇನಾಗಬೇಕು, ಪುಸ್ತಕ ಕಿತ್ತುಕೊಂಡು ವೇದಿಕೆಯಿಂದ ತಿರುಗಿದಾಗ ಮೂರನೇ ಸಾಲಿನಲ್ಲಿ — ಬೇಡ, ಶಿವಾಜಿನಗರ ಬಂತು, ಇಳಿಯಬೇಕು — ಮೂರನೇ ಸಾಲಿನಲ್ಲಿ, ತಾನೇ ಬರೆದುಕೊಟ್ಟ ಅಕ್ಷರದ ಎದುರು, ದುಪಟ್ಟಾದ ಅಂಚು ಬಾಯಿಗೆ ತುರುಕಿಕೊಂಡು, ಹೆಗಲು ಕುಲುಕುತ್ತಾ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು ಜಹನಾರಾ