ಒಂಬತ್ತನೇ ಕಂತಿನ ಟೀ ಕಪ್ಪು

ಕೆಲಸವಿಲ್ಲದವರು ಮೊಸರಲ್ಲಿ ಕಲ್ಲು ಹುಡುಕುತ್ತಾರೆ ಅನ್ನುವುದು ಹಳೆಯ ಮಾತು. ಈಗಿನವರು ಅದಕ್ಕೊಂದು ಸಂಘ ಕಟ್ಟಿ, ತಿಂಗಳಿಗೊಂದು ಭಾನುವಾರ ಸೇರಿ, ಸಿಕ್ಕ ಕಲ್ಲಿಗೆ ಚಪ್ಪಾಳೆ ಬೇರೆ ತಟ್ಟುತ್ತಾರೆ ಎಂದು ಕತ್ತರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಂಡತಿಗೆ ಹೇಳುತ್ತಲೇ ಬಂದ.

ಕತ್ತರಿ ಅನ್ನುವುದು ಸ್ಟುಡಿಯೋದಲ್ಲಿ ಅವನಿಗೆ ಅಂಟಿದ ಹೆಸರು. ಮೂವತ್ತನಾಲ್ಕು ವರ್ಷದ ಹಿಂದೆ ಇಪ್ಪತ್ತೈದು ಕಂತಿನ ಒಂದು ಪತ್ತೇದಾರಿ ಧಾರಾವಾಹಿ ಟೀವಿಯಲ್ಲಿ ಬಂದಿತ್ತು. ಅದರ ಫಿಲಂ ಕತ್ತರಿಸಿ ಜೋಡಿಸುವ ಸಂಕಲನದ ಕೆಲಸ ಅವನದು. ಆ ಧಾರಾವಾಹಿ ಬರುವ ಹೊತ್ತಿಗೆ ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಅಂಥವರ ಸಂಘದವರು ಹೇಗೋ ಅವನ ನಂಬರು ಹುಡುಕಿ, ಅತಿಥಿಯಾಗಿ ಬರಬೇಕು, ಮನೆಯವರನ್ನೂ ಕರೆತರಬೇಕು ಎಂದು ಫೋನ್ ಮಾಡಿದ್ದರು. ಅವನು ಮೂರು ದಿನ ಅವರನ್ನು ಬಾಯಿಗೆ ಬಂದಂತೆ ಬೈದು, ನಾಲ್ಕನೆಯ ದಿನ ಹೊಸ ಶರ್ಟಿಗೆ ಇಸ್ತ್ರಿ ಹಾಕಿಸಿದ.

"ಸೋಫಾ ಮೇಲೆ ಎಷ್ಟು ದಿಂಬಿತ್ತು, ಗಡಿಯಾರದ ಮುಳ್ಳು ಎಲ್ಲಿತ್ತು, ಇದೇ ಇವರ ಸಂಶೋಧನೆ," ಎಂದ ಬಸ್ಸಿಳಿಯುತ್ತ. "ಬೆಟ್ಟ ಅಗೆದು ಇಲಿ ಹಿಡಿಯೋ ಜನ."

"ಇಲಿ ನೋಡೋಕೆ ಹೋಗೋರು ಯಾಕ್ರೀ ಇಷ್ಟೊಂದು ಸೆಂಟು ಹಾಕ್ಕೊಂಡಿದೀರಿ?" ಎಂದಳು ಹೆಂಡತಿ.

ಅವಳೂ ಒಂದು ಕಾಲಕ್ಕೆ ಅದೇ ಧಾರಾವಾಹಿಯಲ್ಲಿ ಕೆಲಸ ಮಾಡಿದವಳೇ. ಕಂಟಿನ್ಯೂಟಿ ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತು. ಒಂದು ಶಾಟಿನಲ್ಲಿ ನಟನ ಯಾವ ಕೈಯಲ್ಲಿ ಏನಿತ್ತು, ಅಂಗಿಗೆ ಎಷ್ಟು ಗುಂಡಿ ಹಾಕಿತ್ತು, ಬಾಗಿಲು ಎಷ್ಟು ತೆರೆದಿತ್ತು ಎಂದೆಲ್ಲ ಬರೆದಿಟ್ಟುಕೊಂಡು, ಮುಂದಿನ ಶಾಟಿನಲ್ಲೂ ಅದು ಹಾಗೇ ಇರುವಂತೆ ಕಾಯುವುದು. ಅವಳ ಕಣ್ಣು ತಪ್ಪಿಸಿ ಒಂದು ಬೆಂಕಿಕಡ್ಡಿ ಕೂಡ ಜರುಗುವುದಿಲ್ಲ ಎಂದು ಯೂನಿಟ್ಟಿನವರು ಹೇಳುತ್ತಿದ್ದರು. ಒಂಬತ್ತನೇ ಕಂತು ಪ್ರಸಾರವಾಗುವ ತನಕ ಹೇಳುತ್ತಿದ್ದರು.

ಆ ಕಂತಿನಲ್ಲಿ ಪತ್ತೇದಾರ ಬಲಗೈಯಲ್ಲಿ ಟೀ ಕಪ್ಪು ಹಿಡಿದು ಕೂತಿರುತ್ತಾನೆ. ಮುಂದಿನ ಶಾಟಿಗೆ, ನಾಲ್ಕೇ ಸೆಕೆಂಡು, ಕಪ್ಪು ಎಡಗೈಯಲ್ಲಿ. ಮತ್ತೆ ಬಲಗೈಯಲ್ಲಿ. ನಮ್ಮ ಪತ್ತೇದಾರರು ಜಾದೂ ಕೂಡ ಬಲ್ಲರೇ ಎಂದು ಯಾರೋ ಪುಣ್ಯಾತ್ಮ ಪೇಪರಿಗೆ ಪತ್ರ ಬರೆದ. ನಿರ್ದೇಶಕ ನಲವತ್ತು ಜನರ ಮುಂದೆ ಅವಳನ್ನು ನಿಲ್ಲಿಸಿ, ಕಣ್ಣು ಮನೆಯಲ್ಲಿ ಬಿಟ್ಟು ಬಂದಿದ್ದೀಯಾ ಎಂದು ಕೂಗಾಡಿದ. ಬಲಗೈ ಅಂತಲೇ ಬರೆದಿದ್ದೆ, ಬಲಗೈಯಲ್ಲೇ ಇತ್ತು ಎಂದು ಅವಳು ಎರಡು ಸಲ ಹೇಳಿದಳು. ಮೂರನೆಯ ಸಲ ಅವಳ ದನಿಯಲ್ಲೇ ಅನುಮಾನವಿತ್ತು. ಅವತ್ತೇ ಕೆಲಸದಿಂದ ತೆಗೆದರು. ಬೇರೆ ಯಾರೂ ಕರೆಯಲಿಲ್ಲ. ಒಂದು ಶಾಲೆಯ ಆಫೀಸಿನಲ್ಲಿ ಟೈಪಿಂಗ್ ಮಾಡಿಕೊಂಡು ನಿವೃತ್ತಳಾದಳು. ಆ ಕಂತನ್ನು ಇವತ್ತಿನವರೆಗೂ ನೋಡಿರಲಿಲ್ಲ.

ಕೆಲಸ ಹೋದ ಎರಡು ವರ್ಷಕ್ಕೆ ಕತ್ತರಿ ಅವಳನ್ನು ಮದುವೆಯಾದ. ಪ್ರೀತಿಯಿಂದ ಎಂದರೆ ಸುಳ್ಳಲ್ಲ. ಬರೀ ಪ್ರೀತಿಯಿಂದ ಎಂದರೆ ಸುಳ್ಳು.

ಏಕೆಂದರೆ ಟೀ ಕಪ್ಪಿನ ಕೈ ಬದಲಾಯಿಸಿದವನು ಅವನೇ. ಆ ಶಾಟಿನಲ್ಲಿ ನಟ ನೋಡಬಾರದ ಕಡೆಗೆ ನೋಡಿದ್ದ. ಮತ್ತೆ ಶೂಟ್ ಮಾಡಲು ಪುರಸೊತ್ತಿರಲಿಲ್ಲ. ಕತ್ತರಿ ಫಿಲಂ ಪಟ್ಟಿಯ ಆ ತುಂಡನ್ನು ಮಗುಚಿ ಅಂಟಿಸಿದ. ಎಡ ಬಲವಾಯಿತು, ಬಲ ಎಡವಾಯಿತು, ನೋಟ ಸರಿಹೋಯಿತು. ನಟನ ಕೈಯಲ್ಲೊಂದು ಕಪ್ಪಿದೆ ಅನ್ನುವುದು ಈ ಮಹಾನುಭಾವನ ತಲೆಗೆ ಹೊಳೆಯಲೇ ಇಲ್ಲ. ಪತ್ರ ಬಂದ ದಿನ ನಲವತ್ತು ಜನರಲ್ಲಿ ಅವನೂ ನಿಂತಿದ್ದ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ತುಟಿ ಪಿಟಕ್ಕೆನ್ನಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಹೇಡಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಆವತ್ತಿನಿಂದ ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವಳು. ಅರ್ಧ ದಾರಿಯಿಂದ ವಾಪಸು ಬಂದು ಒಲೆ ಆರಿಸಿದ್ದೇನೆಯೇ ಎಂದು ನೋಡುವಳು. ಗಂಡನಾದವನು ಇದನ್ನು ಕಂಡು ಕರಗಬೇಕಿತ್ತು. ಇವನು ಅದರಲ್ಲೇ ಅನುಕೂಲ ಕಂಡುಕೊಂಡ. ಮನೆಯಲ್ಲಿ ಯಾವ ಜಗಳ ಬಂದರೂ, ತಾನು ಸೋಲುವ ಹೊತ್ತಿಗೆ, ನಗುತ್ತ "ಟೀ ಕಪ್ಪು ನೆನಪಿದೆಯಾ?" ಅನ್ನುವನು. ಅಲ್ಲಿಗೆ ಅವಳ ಬಾಯಿ ಬಂದ್. ಹೀಗೆ ಮೂವತ್ತೆರಡು ವರ್ಷ ಸಂಸಾರ ಮಾಡಿದ್ದ.

ಸಂಘ ಸೇರುವುದು ಒಂದು ಕನ್ನಡಕದಂಗಡಿಯ ಮೇಲಿನ ಕೋಣೆಯಲ್ಲಿ. ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಾಗ ಬಾಗಿಲಿಗೆ ಅಂಟಿಸಿದ ಹಾಳೆ ಕಂಡಿತು. ದಪ್ಪ ಅಕ್ಷರದಲ್ಲಿ ಬರೆದಿತ್ತು: ಇಂದಿನ ಚರ್ಚೆ, ಒಂಬತ್ತನೇ ಕಂತು, ಟೀ ಕಪ್ಪು ಕೈ ಬದಲಾಯಿಸಿದ್ದೇಕೆ?

ಕತ್ತರಿ ಮೆಟ್ಟಿಲ ಕಡೆ ತಿರುಗಿದ. "ನಡಿ, ಹೋಗೋಣ. ಯಾಕೋ ತಲೆನೋವು," ಎಂದ.

ಅವಳು ಹಾಳೆಯನ್ನು ಎರಡು ಸಲ ಓದಿದಳು. ಮುಖ ಬಿಳುಚಿಕೊಂಡಿತ್ತು. ಆದರೂ, "ಇಷ್ಟು ದೂರ ಬಂದಾಯ್ತಲ್ಲ. ಏನು ಹೇಳ್ತಾರೋ ಕೇಳೇ ಬಿಡ್ತೀನಿ. ನನ್ನ ವಿಷಯ ಮಾತ್ರ ಯಾರಿಗೂ ಹೇಳಬೇಡಿ," ಎಂದು ಒಳಗೆ ನಡೆದಳು.

ಒಳಗೆ ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಗೊಂದು ಟೀವಿ, ಮೂಲೆಯಲ್ಲಿ ಕಣ್ಣು ಪರೀಕ್ಷೆಯ ಹಳೆಯ ಬೋರ್ಡು. ಅಧ್ಯಕ್ಷನಾದ ಕನ್ನಡಕದಂಗಡಿಯವನು ಕೈಮುಗಿದು ಕತ್ತರಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ. ಹೆಂಡತಿ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಟೀ ಕಪ್ಪಿನ ವಿಷಯದಲ್ಲಿ ಸಂಘ ಮೂರು ವರ್ಷದಿಂದ ಎರಡು ಹೋಳಾಗಿತ್ತಂತೆ. ಪಿಸ್ತೂಲು ತೆಗೆಯಲು ಬಲಗೈ ಖಾಲಿ ಇರಲಿ ಎಂದು ಪತ್ತೇದಾರ ಕಪ್ಪನ್ನು ಎಡಗೈಗೆ ದಾಟಿಸಿದ ಅನ್ನುವುದು ಅಧ್ಯಕ್ಷನ ಬಣ. ಇಡೀ ಧಾರಾವಾಹಿಯಲ್ಲಿ ಆ ಮನುಷ್ಯ ಪಿಸ್ತೂಲು ಮುಟ್ಟಿದ್ದೇ ಇಲ್ಲ, ಅದು ಬೇರೆ ಮಾತು. ಕೊಲೆಗಾರ್ತಿ ಅವನ ಬಲಗಡೆ ಕೂತಿದ್ದಾಳೆ, ಅವಳ ಗುರುತು ಹತ್ತಿ ಅವನ ಬಲಗೈ ಹೇಸಿ ಹಿಂದೆ ಸರಿಯಿತು ಅನ್ನುವುದು ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬಾಕೆಯ ಬಣ. ಆಕೆ ಇದರ ಮೇಲೆ ಹನ್ನೆರಡು ಪುಟ ಬರೆದು ತಂದಿದ್ದಳು. ಹನ್ನೆರಡನ್ನೂ ಓದಿದಳು.

ಕತ್ತರಿಗೆ ಜೀವ ಬಂತು. ಈ ಬುದ್ಧಿವಂತರಿಗೆ ಹೆದರಿ ಓಡಿಹೋಗಲು ಹೊರಟಿದ್ದೆನಲ್ಲ ಎಂದು ತನಗೆ ತಾನೇ ನಗು ಬಂತು. ಕಾಲ ಮೇಲೆ ಕಾಲು ಹಾಕಿಕೊಂಡು, ಟೀ ಹೀರಿಕೊಂಡು, ಪಿಸ್ತೂಲಿನವರಿಗೂ ಹೇಸಿಗೆಯವರಿಗೂ ಸರಿಸಮನಾಗಿ ತಲೆಯಾಡಿಸಿದ.

ಆಗ ಹಿಂದಿನಿಂದ ಒಬ್ಬ ದರ್ಜಿ ಎದ್ದ. ಸಣಕಲು ಮನುಷ್ಯ, ಹೊಸ ಸದಸ್ಯ, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ.

"ನನಗೆ ಇಷ್ಟೆಲ್ಲ ತಿಳಿಯಲ್ಲ ಸಾರ್. ನೀವೆಲ್ಲ ಕೈ ನೋಡಿದ್ರಿ, ನಾನು ಕೋಟು ನೋಡಿದೆ. ಗಂಡಸರ ಕೋಟಿಗೆ ಗುಂಡಿ ಬಲಗಡೆ, ಕಾಜಾ ಎಡಗಡೆ. ಈ ನಾಲ್ಕು ಸೆಕೆಂಡಲ್ಲಿ ಮಾತ್ರ ಹೆಂಗಸರ ಕೋಟಿನ ಹಾಗೆ ಉಲ್ಟಾ ಇದೆ. ನೋಡಿ ಬೇಕಾದ್ರೆ."

ಟೀವಿಯಲ್ಲಿ ಚಿತ್ರ ನಿಲ್ಲಿಸಿದರು. ಹೌದು, ಉಲ್ಟಾ ಇತ್ತು.

"ಬೈತಲೆ ನೋಡಿ. ಅದೂ ಆ ಕಡೆಯಿಂದ ಈ ಕಡೆಗೆ ಬಂದಿದೆ. ಚಿತ್ರಾನೂ ಇಲ್ಲಿ ಒಂಚೂರು ಮಸುಕು. ಕಪ್ಪನ್ನ ಯಾರೂ ಕೈ ಬದಲಾಯಿಸಿಲ್ಲ ಸಾರ್. ಕನ್ನಡೀಲಿ ಕಂಡ ಹಾಗೆ ಇಡೀ ಚಿತ್ರಾನೇ ತಿರುಗಿಬಿಟ್ಟಿದೆ ಅಂತ ನನಗನ್ಸತ್ತೆ. ಫಿಲಂ ಹಾಗೆ ತಿರುಗಿಸೋಕೆ ಬರತ್ತಾ? ಅತಿಥಿಗಳೇ ಹೇಳ್ಬೇಕು."

ಹದಿಮೂರು ತಲೆ ಕತ್ತರಿಯ ಕಡೆ ತಿರುಗಿದವು. ದರ್ಜಿ ಯಾರ ಮೇಲೂ ಬೆರಳು ತೋರಿಸಿರಲಿಲ್ಲ. ಹೌದು, ಬರತ್ತೆ, ಲ್ಯಾಬಿನಲ್ಲಿ ಯಾರೋ ಎಡವಟ್ಟು ಮಾಡಿರಬೇಕು ಎಂದಿದ್ದರೆ ಮುಗಿಯುತ್ತಿತ್ತು. ಆ ಲ್ಯಾಬು ಬಾಗಿಲು ಹಾಕಿ ಇಪ್ಪತ್ತು ವರ್ಷವಾಗಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಸುಳ್ಳು ಹೇಳುವುದಕ್ಕೂ ಒಂದಿಷ್ಟು ತಲೆ ಬೇಕು.

"ಸಾಧ್ಯವೇ ಇಲ್ಲ!" ಎಂದ ಕತ್ತರಿ, ಬೇಕಾದ್ದಕ್ಕಿಂತ ಜೋರಾಗಿ. "ಫಿಲಂನ ಹಾಗೆಲ್ಲ ತಿರುಗಿಸೋಕೆ ಬರಲ್ಲ. ಇಷ್ಟು ವರ್ಷ ಕೈಯಲ್ಲಿ ಹಿಡಿದೋನು ಹೇಳ್ತಿದೀನಿ. ಆಗ ಕಂಟಿನ್ಯೂಟಿಗೆ ಅಂತ ಒಬ್ಬಳು ಹುಡುಗಿ ಇದ್ಲು, ಸರಿಯಾಗಿ ನೋಡ್ಲಿಲ್ಲ. ಕಪ್ಪೂ ಅವಳದೇ ತಪ್ಪು, ಕೋಟೂ ಅವಳದೇ ತಪ್ಪು. ಅಷ್ಟೇ ಕಥೆ."

ದರ್ಜಿ ಪಾಪ, ದೊಡ್ಡವರು ಹೇಳಿದ ಮೇಲೆ ಆಯಿತು ಎಂದು ಕೂತುಕೊಂಡ. ಲೈಬ್ರರಿಯಾಕೆ ನಿಟ್ಟುಸಿರು ಬಿಟ್ಟಳು.

"ಬರತ್ತೆ," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

ಅವನ ಹೆಂಡತಿ ಎದ್ದು ನಿಂತಿದ್ದಳು.

"ಬರತ್ತೆ ಕಣ್ರೀ. ನನಗೆ ತೋರಿಸಿಕೊಟ್ಟೋರೇ ನೀವು. ನಾಲ್ಕನೇ ಕಂತಲ್ಲಿ ನಾಯಿ ಎಡಕ್ಕೆ ಓಡಬೇಕಿತ್ತು, ಬಲಕ್ಕೆ ಓಡಿಬಿಟ್ಟಿತ್ತು. ನೋಡು ಬಾ, ನಾಯಿ ನನ್ನ ಮಾತು ಕೇಳತ್ತೆ ಅಂತ ನನ್ನ ಕರೆದ್ರಿ. ಪಟ್ಟಿ ಮಗುಚಿ ಅಂಟಿಸಿದ್ರಿ. ನಾಯಿ ಎಡಕ್ಕೆ ಓಡ್ತು. ನಾನು ಎಷ್ಟು ನಕ್ಕಿದ್ದೆ."

ಎಲ್ಲರೂ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು.

"ಅಮ್ಮಾ, ತಾವು...?" ಎಂದ ಅಧ್ಯಕ್ಷ.

"ಸರಿಯಾಗಿ ನೋಡದೇ ಇದ್ದ ಆ ಹುಡುಗಿ ನಾನೇ."

ದರ್ಜಿ ಒಬ್ಬನೇ ಎದ್ದು ನಿಂತ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷನಿಗೆ ಮೊದಲು ಹೊಳೆದ ಮಾತು, "ಹಾಗಾದ್ರೆ ಪಿಸ್ತೂಲು?" ಎಂಬುದು. ಲೈಬ್ರರಿಯಾಕೆ ತನ್ನ ಹನ್ನೆರಡು ಪುಟವನ್ನು ಎದೆಗವಚಿಕೊಂಡು, ನಿರ್ದೇಶಕರು ಬೇಕೆಂದೇ ತಿರುಗಿಸಲು ಹೇಳಿರಬಹುದಲ್ಲ ಎಂದು ಶುರುಮಾಡಿದಳು. ಎರಡೂ ಬಣದವರು ಒಂದೇ ಸಲಕ್ಕೆ ಬಾಯಿ ತೆರೆದರು. ಮನೆಗೆ ಬೆಂಕಿ ಬಿದ್ದರೂ ಇವರು ಬೆಂಕಿಯ ಬಣ್ಣ ಯಾವುದು ಎಂದು ಚರ್ಚಿಸುವ ಪೈಕಿ. ಆ ಗದ್ದಲದಲ್ಲಿ ಕತ್ತರಿ ಹೆಂಡತಿಯ ತೋಳು ಹಿಡಿದು ಮೆಟ್ಟಿಲ ಬಳಿಗೆ ಕರೆದುಕೊಂಡು ಬಂದ.

"ಮನೆಗೆ ಹೋಗಿ ಮಾತಾಡೋಣ," ಎಂದ.

ಅವಳು ತೋಳು ಬಿಡಿಸಿಕೊಂಡಳು. ಅಳುತ್ತಿರಲಿಲ್ಲ. ಅವನ ಮುಖವನ್ನು ನೋಡುತ್ತಿದ್ದಳು, ಯಾವ ಗುಂಡಿ ಹಾಕಿದೆ, ಯಾವುದು ಹಾಕಿಲ್ಲ ಎಂದು ಬರೆದುಕೊಳ್ಳುವವಳ ಹಾಗೆ.

"ಕಳ್ಳ ಯಾರು ಅಂತ ಅವರು ಕೇಳೇ ಇಲ್ಲ. ಕುಂಬಳಕಾಯಿ ಅಂತ ಒಂದು ಉಂಟಾ ಅಂತ ಕೇಳಿದ್ರು. ನೀವಾಗಿ ನೀವೇ ಹೆಗಲು ಮುಟ್ಟಿ ನೋಡ್ಕೊಂಡ್ರಿ. ಲ್ಯಾಬಿನೋರು ಮಾಡಿರ್ಬೇಕು ಅಂದಿದ್ರೆ ನಾನು ನಂಬಿಬಿಡ್ತಿದ್ದೆ. ಇವತ್ತೂ ನಂಬ್ತಿದ್ದೆ."

"ಹೊಸ ಕೆಲಸ. ಹೋಗಿಬಿಡತ್ತೆ ಅಂತ ಹೆದರಿದ್ದೆ ಕಣೇ."

"ಹೋಯ್ತಲ್ಲ. ನಂದು."

ಕತ್ತರಿ ಇಂಗು ತಿಂದ ಮಂಗನ ಹಾಗೆ ನಿಂತ. ಅವಳಿಗೆ ಆ ಕೆಲಸ ಈಗ ಬೇಕಾಗಿರಲಿಲ್ಲ. ಮೂವತ್ತನಾಲ್ಕು ವರ್ಷದ ಹಿಂದಿನ ಸಂಬಳ ಯಾರಿಗೆ ಬೇಕು? ಅವಳ ಮನಸ್ಸು ಬೇರೆಲ್ಲೋ ಓಡುತ್ತಿತ್ತು. ತಾನು ಸೋತ ಒಂದೊಂದೇ ಜಗಳವನ್ನು ತೆರೆದು, ಯಾರು ಸರಿ ಎಂದು ನೋಡುತ್ತಿತ್ತು. ಒಂದು ಕಡೆ ಬಂದು ನಿಂತುಬಿಟ್ಟಿತು.

"ಮಗಳಿಗೆ ಐದು ವರ್ಷ. ಜ್ವರ," ಎಂದಳು. "ಔಷಧಿ ಕೊಟ್ಟಾಯ್ತು ಅಂದೆ. ಇಲ್ಲ, ಕೊಟ್ಟಿಲ್ಲ ಅಂದ್ರಿ. ಕೊಟ್ಟೆ ಅಂದೆ. ಟೀ ಕಪ್ಪು ಅಂದ್ರಿ. ನಾನು ಸುಮ್ಮನಾದೆ. ನೀವು ಹೇಳಿದ್ರಿ ಅಂತ ಮತ್ತೆ ಕೊಟ್ಟೆ. ಮಗು ಎರಡು ದಿನ ಆಸ್ಪತ್ರೇಲಿತ್ತು."

ಅವನು ಒಂದು ಮೆಟ್ಟಿಲು ಕೆಳಗಿಳಿದ.

"ಎರಡು ಸಲ ಔಷಧಿ ಕೊಟ್ಟ ಮರೆಗುಳಿ ಅಮ್ಮ ಅಂತ ಅವಳು ಇವತ್ತಿಗೂ ತನ್ನ ಮಕ್ಕಳಿಗೆ ಹೇಳಿ ನಗ್ತಾಳೆ. ಮೊಮ್ಮಕ್ಕಳನ್ನ ಒಂದು ರಾತ್ರೀನೂ ನನ್ನೊಬ್ಬಳ ಹತ್ರ ಬಿಟ್ಟಿಲ್ಲ. ನಾನೂ, ಸರಿ, ಬಿಡದೇ ಇರೋದೇ ಒಳ್ಳೇದು ಅಂದ್ಕೊಂಡಿದ್ದೆ." ಅಲ್ಲಿ ಅವಳ ದನಿ ಒಡೆಯಿತು. "ನಾನು ಕೊಟ್ಟಿದ್ದೆ ಕಣ್ರೀ. ಮೊದಲನೇ ಸಲಾನೇ ಕೊಟ್ಟಿದ್ದೆ. ನನಗೆ ಗೊತ್ತಿತ್ತು."

ಒಳಗೆ ಯಾರೋ, ಸುಮ್ಮನಿರಿ, ಮೊದಲು ಅಮ್ಮನ್ನ ಕರೀರಿ, ಅವರನ್ನ ಕೇಳಬೇಕು ಎಂದು ಕೂಗಿದರು. ದರ್ಜಿಯ ದನಿ ಇರಬೇಕು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನು ಹೋಗಿ ಆ ನಾಲ್ಕು ಸೆಕೆಂಡು ಸರಿಯಾಗಿ ನೋಡ್ತೀನಿ. ನೋಡಾದ್ಮೇಲೆ ಉಳಿದಿದ್ದೂ ನೋಡ್ತೀನಿ. ನೀವು ಮಗಳಿಗೆ ಫೋನ್ ಮಾಡಿ. ಮನೆಗೆ ಹೋಗಿ ಅಲ್ಲ, ಈಗ, ಇಲ್ಲೇ. ನನ್ನ ಬಾಯಲ್ಲಿ ಕೇಳಿದ್ರೆ ಅವಳು ನಂಬಲ್ಲ."

ಬಾಗಿಲು ಮುಚ್ಚಿತು. ಕತ್ತರಿ ಮೆಟ್ಟಿಲ ಮೇಲೆ ಒಬ್ಬನೇ ನಿಂತ. ಒಳಗಿನವರನ್ನು ಬೈಯೋಣವೆಂದರೆ ಒಂದು ಬೈಗುಳವೂ ನಾಲಿಗೆಗೆ ಬರಲಿಲ್ಲ. ಫೋನ್ ಹಚ್ಚಿದ. ಮೂರನೇ ರಿಂಗಿಗೆ ಮಗಳು ಎತ್ತಿಕೊಂಡಳು. ಅವಳ ದನಿಯಲ್ಲಿ ಆಗಲೇ ನಗುವಿತ್ತು.

"ಏನಪ್ಪಾ? ಅಮ್ಮ ಮತ್ತೆ ಏನು ಮರೆತ್ಲು?"

ಅಮ್ಮ ಏನೂ ಮರೆತಿಲ್ಲ, ಆವತ್ತು ಔಷಧಿ ಎರಡು ಸಲ ಕೊಡಿಸಿದವನು ನಾನೇ ಎಂದು ಕತ್ತರಿ ಹೇಳಿದ. ಹೇಳಿದ ಮೇಲೂ ಮಗಳು ನಂಬಲಿಲ್ಲ. "ಸುಮ್ನಿರಪ್ಪಾ, ಅವಳ ಪರ ವಹಿಸ್ಬೇಡ," ಎಂದು ಇನ್ನೂ ಜೋರಾಗಿ ನಕ್ಕಳು.